ಪಿವಿಸಿ ಪೈಪಿಗೆ ತಾಮ್ರದ ತಂತಿ ಸುತ್ತುವ ರೂಢಿ ಎಲ್ಲಿಂದ ಬಂತು?

ತೀರ್ಥಹಳ್ಳಿ, ಸಾಗರದ ಕಡೆ ಮಳೆಗಾಲದಲ್ಲಿ ಮರಗೆಲಸ ಮಾಡುವವರಿಗೆ ಸ್ಥಿರ ವಿದ್ಯುತ್ತಿನ ಕಾಟ ಗೊತ್ತೇ ಆಗುವುದಿಲ್ಲ. ಗಾಳಿಯ ತೇವ ಚಾರ್ಜನ್ನು ನಿಲ್ಲಗೊಡದು. ಫೆಬ್ರುವರಿ, ಮಾರ್ಚ್‌ನ ಒಣ ಮಧ್ಯಾಹ್ನ ಸಾಗುವಾನಿ ಹಲಗೆಗೆ ಪ್ಲೇನರ್ ಹಾಕುವಾಗ ಹುಡಿ ಎಳೆಯುವ ಪೈಪ್ ಮುಟ್ಟಿ ನೋಡಿ: ಚುರುಕ್ಕೆಂದು ಹೊಡೆಯುತ್ತದೆ. ಈ ಕಿಡಿಯಿಂದ ಹುಡಿ ಸಿಡಿದೀತೆಂದು ಹಲವರು ಪಿವಿಸಿ ಪೈಪಿಗೆ ತಾಮ್ರದ ತಂತಿ ಸುತ್ತಿ ಅರ್ಥ್ ಮಾಡುತ್ತಾರೆ.

ಹುಡಿ ಸ್ಫೋಟದ ಭಯ ಹಳೆಯದು. 1785ರಲ್ಲಿ ಇಟಲಿಯ ಟ್ಯೂರಿನ್‌ನ ಹಿಟ್ಟಿನ ಗೋದಾಮು ಸಿಡಿಯಿತು. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಹಿಟ್ಟಿನ ಗಿರಣಿ ಸಿಡಿದು 18 ಜನ ಸತ್ತರು. ಮುಂದೆ ಕಾರ್ಖಾನೆಗಳಿಗೆ ನಿಯಮ ಬಂತು: ಹುಡಿಯ ಕೊಳವೆ ಲೋಹದ್ದಿರಲಿ, ತುಂಡುಗಳೆಲ್ಲ ಒಂದಕ್ಕೊಂದು ಬೆಸೆದು ಅರ್ಥಿಂಗ್ ಆಗಿರಲಿ. ಲೋಹವಾದ್ದರಿಂದ ಒಂದು ತಂತಿ ಸಾಕು, ಇಡೀ ಕೊಳವೆಯ ಚಾರ್ಜ್ ಖಾಲಿ.

ಮನೆಯ ಶೆಡ್ಡಿನಲ್ಲಿ ಮರಗೆಲಸ ಮಾಡುವವರು ಹಾಕಿದ್ದು ಅಡಿಕೆ ತೋಟಕ್ಕೆ ತಂದ ಪಿವಿಸಿ. ತಂತಿ ಹಾಕುವ ನಿಯಮ ಮಾತ್ರ ಲೋಹದ ಕೊಳವೆಯದ್ದು. ಪ್ಲಾಸ್ಟಿಕ್‌ನಲ್ಲಿ ಚಾರ್ಜ್ ಹರಿಯುವುದಿಲ್ಲ. ತಂತಿ ತಾಗಿದ ಗೆರೆಯಷ್ಟೇ ಖಾಲಿಯಾಗುತ್ತದೆ, ಪಕ್ಕದ ಇಂಚು ಹಾಗೇ ಉಳಿಯುತ್ತದೆ. ಕೈ ತಾಗುವ ಕಡೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಂಟಿಸಿ ಅದನ್ನು ಅರ್ಥ್ ಮಾಡಿದರೆ ಶಾಕ್ ತಪ್ಪುತ್ತದೆ.

ಪೈಪೇ ಸಿಡಿದೀತೇ? 4 ಇಂಚಿನ ಪೈಪಿನಲ್ಲಿ ನಿಮಿಷಕ್ಕೆ ಸುಮಾರು 11 ಘನ ಮೀಟರ್ ಗಾಳಿ ಹೋಗುತ್ತದೆ ಎನ್ನೋಣ. ಘನ ಮೀಟರಿಗೆ 40 ಗ್ರಾಂ ಸಣ್ಣ ಹುಡಿ ಸ್ಫೋಟದ ಕೆಳಮಿತಿ ಎಂದಿಟ್ಟರೂ ನಿಮಿಷಕ್ಕೆ 440 ಗ್ರಾಂ ನಯವಾದ ಹುಡಿ ಬೇಕು. ಮನೆಯ ಸ್ಯಾಂಡರ್‌ನಿಂದ (ಮರ ಉಜ್ಜಿ ನುಣುಪು ಮಾಡುವ ಯಂತ್ರ) ಅಷ್ಟು ಬರುವುದು ಕಷ್ಟ. ಹುಡಿ ತುಂಬಿದ ಚೀಲ ಕೊಡವಿದಾಗ ಏಳುವ ಮೋಡ ಬೇರೆ ಮಾತು; ಅದನ್ನು ಅಂಗಳದಲ್ಲೇ ಕೊಡವಿ, ಒಲೆ, ಬೀಡಿ ದೂರವಿರಲಿ.

ಮನೆ ಶೆಡ್ಡಿಗೆ ಬೆಂಕಿ ತರಬಲ್ಲದ್ದು ಮೊಳೆ. ಕಳಚಿದ ಹಳೇ ತೊಟ್ಟಿಮನೆಯ ತೊಲೆಯಲ್ಲಿ ಮುರಿದ ಮೊಳೆ ಇದ್ದೇ ಇರುತ್ತದೆ. ಅದು ಹುಡಿ ಎಳೆಯುವ ಫ್ಯಾನಿನ, ಅಂದರೆ ಬ್ಲೋವರ್‌ನ ಉಕ್ಕಿನ ರೆಕ್ಕೆಗೆ ಬಡಿದು ಹಾರಿದ ಕಿಡಿ ಹೊಟ್ಟಿನೊಳಗೆ ಗಂಟೆಗಟ್ಟಲೆ ಹೊಗೆಯಾಡಿ ರಾತ್ರಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬ್ಲೋವರ್‌ಗಿಂತ ಮೊದಲೇ ಸೈಕ್ಲೋನ್ ಡ್ರಮ್ (ಗಾಳಿಯನ್ನು ಸುತ್ತಿಸಿ ಹೊಟ್ಟು, ಮೊಳೆಯನ್ನು ಕೆಳಗೆ ಬೀಳಿಸುವ ಡ್ರಮ್) ಇಡಿ, ಸಂಜೆ ಡ್ರಮ್ ಖಾಲಿ ಮಾಡಿ ಹೊರಗಿಡಿ. ಕಬ್ಬಿಣ ಉಜ್ಜುವ ಗ್ರೈಂಡರನ್ನು ಇದೇ ಪೈಪಿಗೆ ಜೋಡಿಸಲೇಬೇಡಿ.

ಬಾಗುವ ಹೋಸ್‌ನೊಳಗೆ ಉಕ್ಕಿನ ಸುರುಳಿ ತಂತಿ ಇದ್ದರೆ ಎರಡೂ ತುದಿಯಲ್ಲಿ 2 ಇಂಚು ಪ್ಲಾಸ್ಟಿಕ್ ಸುಲಿದು, ಒಂದನ್ನು ಯಂತ್ರದ ಮೈಗೆ, ಇನ್ನೊಂದನ್ನು ಬ್ಲೋವರ್‌ನ ಲೋಹದ ಮೈಗೆ ಸ್ಕ್ರೂ ಹಾಕಿ ಬಿಗಿಯಿರಿ. ಬಣ್ಣವಿದ್ದರೆ ಕೆರೆದು ಹಾಕಿ. ಮಲ್ಟಿಮೀಟರಲ್ಲಿ ಪರೀಕ್ಷಿಸಿ. ಸ್ಥಿರ ವಿದ್ಯುತ್ತಿಗಾದರೆ ಅರ್ಥ್‌ವರೆಗಿನ ತಡೆ 10 ಲಕ್ಷ ಓಮ್ ಇದ್ದರೂ ಸಾಕು, ಜಂಬಿಟ್ಟಿಗೆ ಮಣ್ಣಿನ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೂ ನಡೆಯುತ್ತದೆ. ಮೋಟರಿನ ಕರೆಂಟ್ ಯಂತ್ರದ ಮೈಗೆ ಇಳಿದಾಗ ಮಾತ್ರ ಒಣ ಗುಂಡಿ ನಡೆಯದು, ಗುಂಡಿಗೆ ನೀರು ಹಾಕುತ್ತಿರಿ.