ಗ್ಲಾಸಿನ ‘ಟಿಂಗ್’ ಮತ್ತು ವಿಷದ ಕಟ್ಟುಕಥೆ

ಪಾರ್ಟಿಯಲ್ಲಿ ಗ್ಲಾಸುಗಳು ತಾಗಿ ‘ಟಿಂಗ್’ ಎಂದರೆ ಸಾಕು, ಪಂಡಿತರೊಬ್ಬರು ಶುರು ಮಾಡುತ್ತಾರೆ: ‘ಹಿಂದೆ ವಿಷ ಹಾಕ್ತಿದ್ರಲ್ಲ, ಅದಕ್ಕೇ ಒಬ್ಬರದ್ದು ಇನ್ನೊಬ್ಬರ ಗ್ಲಾಸಿಗೆ ಚೆಲ್ಲಲಿ ಅಂತ ಹೀಗೆ ತಾಗಿಸೋದು!’ ಕೇಳಿ ಕೇಳಿ ಸಾಕಾಗಿದೆ. ಹಾಗೆ ಚೆಲ್ಲಬೇಕಾದರೆ ಎರಡೂ ಗ್ಲಾಸು ಅಂಚಿನವರೆಗೆ ತುಂಬಿರಬೇಕು. ಚೆಲ್ಲಿದ್ದರಲ್ಲೂ ಹೆಚ್ಚಿನದು ಮೇಜಿನ ಪಾಲು. ಅಷ್ಟು ಭಯವಿದ್ದರೆ ಒಂದೇ ಪಾತ್ರೆಯಿಂದ ಬಗ್ಗಿಸಿಕೊಂಡರಾಯಿತಲ್ಲ? ಪ್ರಾಚೀನ ಗ್ರೀಕರ ಕೂಟಗಳಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸಿ ಎಲ್ಲರಿಗೂ ಒಂದೇ ದೊಡ್ಡ ಪಾತ್ರೆಯಿಂದ ಹಂಚುತ್ತಿದ್ದರು. ದೇವರ ಪಾಲನ್ನು ಮೊದಲು ನೆಲಕ್ಕೆ ಸುರಿಯುತ್ತಿದ್ದರು. (ನಮ್ಮಲ್ಲೂ ಬೆರಳದ್ದಿ ಎರಡು ಹನಿ ಚಿಮುಕಿಸದೆ ಕುಡಿಯದವರಿದ್ದಾರೆ.)

ಯಾರದೋ ಹೆಸರಲ್ಲಿ ಹೀಗೆ ಗ್ಲಾಸೆತ್ತಿ ಕುಡಿಯುವುದಕ್ಕೆ ‘ಟೋಸ್ಟ್’ ಎಂಬ ಹೆಸರು ಬಂದದ್ದು ನಿಜವಾಗಿಯೂ ಸುಟ್ಟ ಬ್ರೆಡ್ಡಿನಿಂದ. ಇಂಗ್ಲೆಂಡಿನಲ್ಲಿ ಅದರ ತುಣುಕನ್ನು ವೈನಿಗೆ ಹಾಕುತ್ತಿದ್ದರು. 1709ರ ‘ಟ್ಯಾಟ್ಲರ್’ ಪತ್ರಿಕೆ ಹೇಳುವ ಕಥೆ ಇನ್ನೂ ರುಚಿಕರ: ಬಾತ್ ಊರಿನ ಸ್ನಾನದ ಕೊಳದಲ್ಲಿ ಸುಂದರಿಯೊಬ್ಬಳು ನಿಂತಿದ್ದಾಗ, ಅಭಿಮಾನಿಯೊಬ್ಬ ಅದೇ ನೀರನ್ನು ಗ್ಲಾಸಿನಲ್ಲಿ ಮೊಗೆದು ಅವಳ ಹೆಸರಲ್ಲಿ ಕುಡಿದನಂತೆ. ಅರೆಮತ್ತನಾಗಿದ್ದ ಇನ್ನೊಬ್ಬ, ‘ಪಾನೀಯ ನನಗೆ ಬೇಡ, ಟೋಸ್ಟ್ ಬೇಕು’ ಎಂದು ಕೊಳಕ್ಕೆ ಹಾರಲು ಹೊರಟನಂತೆ!

ಇರಲಿ, ನನ್ನ ಕುತೂಹಲವೆಲ್ಲ ಆ ‘ಟಿಂಗ್’ ಬಗ್ಗೆ. ಮರದ, ಕೊಂಬಿನ ಪಾತ್ರೆಗಳನ್ನು ತಾಗಿಸಿದರೆ ಬರುವುದು ‘ಡಬ್’. 1670ರ ದಶಕದಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ತಯಾರಿಸಿದ ಸೀಸದ ಗಾಜು ಗಂಟೆಯಂತೆ ಅನುರಣಿಸುವಂಥದ್ದು. ಅದರಲ್ಲಿ ವೈನ್ ಹೆಚ್ಚಿದಂತೆ ಸ್ವರ ಇಳಿಯುತ್ತದೆ. ಜಲತರಂಗ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ.

ಆದರೆ ಗುಳ್ಳೆಯುಕ್ಕುವ ವೈನಾದ ಶಾಂಪೇನ್ ಸುರಿದರೆ ಆ ಸ್ವರವೇ ಉಡುಗಿಹೋಗುತ್ತದೆ! ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್, ಗಾಳಿಯಲ್ಲಿ 340. ಎರಡೂ ಬೆರೆತರೆ ವೇಗ ಇವುಗಳ ನಡುವೆ ಎಲ್ಲೋ ಇರಬೇಕಲ್ಲವೆ? ಇಲ್ಲ. ನೀರಿನಲ್ಲಿ ನೂರಕ್ಕೆ ಒಂದು ಪಾಲು ಗುಳ್ಳೆಯಿದ್ದರೂ ಸಾಕು, ವೇಗ 100ರ ಆಸುಪಾಸಿಗೆ ಬೀಳುತ್ತದೆ. ಏಕೆಂದರೆ ಈ ಮಿಶ್ರಣಕ್ಕೆ ನೀರಿನ ಭಾರವಿದೆ, ಗಾಳಿಯ ಮೆದುತನವೂ ಇದೆ. ಗುಂಡುಕಲ್ಲುಗಳ ಸಾಲಿನ ನಡುನಡುವೆ ಹತ್ತಿ ತುರುಕಿದ ಹಾಗೆ. ಅಥವಾ ಕಿಕ್ಕಿರಿದ ಬಸ್ಸಿನಲ್ಲಿ ಪ್ರತಿಯೊಬ್ಬರೂ ದಿಂಬು ತಬ್ಬಿ ನಿಂತಂತೆ: ಹಿಂದಿನವರು ನೂಕಿದ್ದು ಮುಂದಿನವರಿಗೆ ಮುಟ್ಟುವುದರೊಳಗೆ ದಿಂಬುಗಳೇ ಅದನ್ನು ನುಂಗಿರುತ್ತವೆ. ಗಾಜಿನ ನಡುಕವನ್ನು ಗುಳ್ಳೆಗಳು ನುಂಗುವುದೂ ಹೀಗೆಯೇ.

ಭೌತವಿಜ್ಞಾನಿ ಫ್ರಾಂಕ್ ಕ್ರಾಫರ್ಡ್ 1982ರಲ್ಲಿ ಬಿಸಿ ಚಾಕೊಲೇಟ್ ಪಾನೀಯದ ಗುಳ್ಳೆಗಳು ಸ್ವರವನ್ನು ಬದಲಿಸುವ ಬಗೆಯನ್ನು ವಿವರಿಸಿದ್ದರು. ನಿಮಗೆ ಶಾಂಪೇನೂ ಬೇಡ, ಚಾಕೊಲೇಟೂ ಬೇಡ. ಗಾಜಿನ ಲೋಟಕ್ಕೆ ಸೋಡಾ ಸುರಿದು ಚಮಚದಿಂದ ತಟ್ಟುತ್ತಾ ಹೋಗಿ. ಮೊದಲು ಮಂಕಾದ ‘ಟಕ್’. ಗುಳ್ಳೆ ಅಡಗಿದಂತೆಲ್ಲ ದನಿ ತಿಳಿಯಾಗುತ್ತದೆ. ಪಂಡಿತರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.