ಹದಿನಾಲ್ಕನೇ ನಂಬರಿನ ರೆಫರೆನ್ಸ್

"ಮೇಡಂ, ಕಾಮಾ, ಫುಲ್‌ಸ್ಟಾಪ್ ಸರಿ ಇದೆಯಾ ಅಂತ ಒಂದ್ಸಲ ನೋಡಿಬಿಡಿ. ನಾಳೆ ಥೀಸಿಸ್ ಬೈಂಡಿಂಗ್‌ಗೆ ಕೊಡಬೇಕು."

ಹಾಸನದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪುಸ್ತಕ, ಜರ್ನಲ್ ಹುಡುಕಿಕೊಡುವ ಗ್ರಂಥಪಾಲಕಿ ನಾನು. ಪ್ರತಿ ವರ್ಷ ಥೀಸಿಸ್ ಕಾಲ ಬಂತೆಂದರೆ ಈ ಮಾತು ಕೇಳುತ್ತಲೇ ಇರುತ್ತೇನೆ. ಹೀಗೆ ಬಂದವರಲ್ಲಿ ಒಬ್ಬರು ಮೂಳೆ ವಿಭಾಗದ ಪಿಜಿ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿ. ಆಪರೇಷನ್ ಆದ ಮೇಲಿನ ನೋವಿಗೆ ಕೊಡುವ ಔಷಧಿಗಳ ಬಗ್ಗೆ ಅವರ ಥೀಸಿಸ್. ಕೊನೆಯ ಪಟ್ಟಿಯಲ್ಲಿ 62 ರೆಫರೆನ್ಸ್, ಅಂದರೆ ಆಧಾರವಾಗಿ ತೋರಿಸಿದ ಬರಹಗಳು ಇದ್ದವು. ಕಾಮಾಗಳೆಲ್ಲ ಸರಿಯಾಗೇ ಇದ್ದವು. 14ನೇ ನಂಬರಿನ ಹತ್ತಿರ ನನ್ನ ಬೆರಳು ನಿಂತಿತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್, 1980, ಪೋರ್ಟರ್ ಮತ್ತು ಜಿಕ್. ಮಾರ್ಫಿನ್ ಗುಂಪಿನ ಔಷಧಿಗಳಿಂದ ಚಟ ಹತ್ತುವುದು ತೀರಾ ಅಪರೂಪ ಎಂದು ಬರೆದು, ಪಕ್ಕದಲ್ಲಿ 14 ಎಂದು ಹಾಕಿದ್ದರು.

"ಇದನ್ನ ಓದಿದ್ದೀರಾ ಡಾಕ್ಟ್ರೇ?"

"ಇಲ್ಲ ಮೇಡಂ. ಬೇರೆ ಪೇಪರ್‌ನಲ್ಲಿ ಹಾಕಿದ್ರು, ಅಲ್ಲಿಂದ ತಗೊಂಡೆ."

ಇಬ್ಬರೂ ಕೂತು ಅದನ್ನು ತೆಗೆದೆವು. ಅದು ಸಂಶೋಧನಾ ಲೇಖನವೇ ಅಲ್ಲ. ಸಂಪಾದಕರಿಗೆ ಬರೆದ ಪತ್ರ, ಅದೂ ಐದೇ ವಾಕ್ಯದ್ದು. ಆಸ್ಪತ್ರೆಗೆ ದಾಖಲಾಗಿದ್ದ 11,882 ಜನರಿಗೆ ಇಂಥ ಔಷಧಿ ಕೊಟ್ಟಿದ್ದರು. ಮೊದಲು ಚಟ ಇಲ್ಲದವರಲ್ಲಿ ಹೊಸದಾಗಿ ಚಟ ಹತ್ತಿದ್ದು ನಾಲ್ಕೇ ಜನರಿಗೆ ಎಂದು ಅದರಲ್ಲಿದೆ. ಎಷ್ಟು ದಿನ ಕೊಟ್ಟರು, ಮನೆಗೆ ಹೋದ ಮೇಲೆ ಅವರಿಗೆ ಏನಾಯಿತು, ಯಾವುದೂ ಇಲ್ಲ.

ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದವರ ಬಗ್ಗೆ ಹೇಳಿದ ಈ ಮಾತನ್ನು, ತಿಂಗಳುಗಟ್ಟಲೆ ಮನೆಯಲ್ಲೇ ಮಾತ್ರೆ ನುಂಗುವವರಿಗೂ ಹಚ್ಚಿ ಬರೆಯುತ್ತಾ ಹೋದರು. 2017ರಲ್ಲಿ ಕೆನಡಾದ ಕೆಲವು ಸಂಶೋಧಕರು ಇದರ ಲೆಕ್ಕ ತೆಗೆದು ಅದೇ ಜರ್ನಲ್‌ನಲ್ಲಿ ಪ್ರಕಟಿಸಿದರು. ಆ ಪತ್ರವನ್ನು 608 ಕಡೆ ಉಲ್ಲೇಖಿಸಲಾಗಿತ್ತು. 439 ಕಡೆ ಚಟ ಅಪರೂಪ ಅನ್ನುವುದಕ್ಕೆ ಇದನ್ನೇ ಸಾಕ್ಷಿಯಾಗಿ ಕೊಟ್ಟಿದ್ದರು. ಪತ್ರದಲ್ಲಿ ಹೇಳಿದವರೆಲ್ಲ ಆಸ್ಪತ್ರೆಯಲ್ಲಿದ್ದ ರೋಗಿಗಳು ಎಂಬುದನ್ನು ನೂರಕ್ಕೆ ಎಂಬತ್ತು ಬರಹಗಳು ಹೇಳಿರಲೇ ಇಲ್ಲ. ಉತ್ತರ ಅಮೆರಿಕದಲ್ಲಿ ಈ ಗುಂಪಿನ ಔಷಧಿಗಳ ಚಟ ಅಷ್ಟೊಂದು ಜನರ ಜೀವ ತೆಗೆದದ್ದರಲ್ಲಿ ಈ ಉಲ್ಲೇಖಗಳ ಪಾಲೂ ಇದೆ ಎಂದು ಆ ಸಂಶೋಧಕರು ಬರೆದಿದ್ದಾರೆ. ಪತ್ರ ಬರೆದವರು ಸುಳ್ಳು ಹೇಳಿರಲಿಲ್ಲ. ಓದದೇ ಎತ್ತಿಕೊಂಡವರಿಂದ ಆದದ್ದು ಇದು.

ನಮ್ಮ ಡಾಕ್ಟರ್ ಅವತ್ತು ಬೈಂಡಿಂಗ್‌ಗೆ ಕೊಡಲಿಲ್ಲ. ನಾಲ್ಕು ದಿನ ಲೈಬ್ರರಿಯಲ್ಲೇ ಕೂತರು. 62 ಇದ್ದದ್ದು 41ಕ್ಕೆ ಇಳಿಯಿತು. ನನಗೆ ಆ 41ರ ಮೇಲೆ ಗೌರವ ಜಾಸ್ತಿ.

ಕಾಮಾ, ಫುಲ್‌ಸ್ಟಾಪ್‌ನ ವಿಷಯ ಬೇಗ ಹೇಳಿಬಿಡುತ್ತೇನೆ. ರೆಫರೆನ್ಸ್ ಬರೆಯಲು ನಾವು ಬಳಸುವುದು ವ್ಯಾಂಕೂವರ್ ಶೈಲಿ. 1978ರಲ್ಲಿ ಕೆಲವು ಜರ್ನಲ್ ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಮಾಡಿಕೊಂಡ ಒಪ್ಪಂದದಿಂದ ಬಂದದ್ದು. ಬರಹದಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೆ 1, ಆಮೇಲಿನದಕ್ಕೆ 2. ಜೊಟೆರೊದಂಥ ಉಚಿತ ಸಾಫ್ಟ್‌ವೇರ್ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ. ಪ್ರಕಟವಾದ ಮೇಲೆ ಜರ್ನಲ್ ಹಿಂತೆಗೆದುಕೊಂಡ ಲೇಖನ ಪಟ್ಟಿಯಲ್ಲಿದ್ದರೆ ಎಚ್ಚರಿಕೆಯನ್ನೂ ಕೊಡುತ್ತದೆ. ಅದಕ್ಕಾಗಿ ರಾತ್ರಿ ನಿದ್ದೆ ಕೆಡಬೇಡಿ.

ನಿದ್ದೆ ಕೆಡಬೇಕಾದದ್ದು ಇಂಥದಕ್ಕೆ. ಕೊಪ್ಪದ ಕಡೆಯ ಒಬ್ಬ ಹುಡುಗಿ ಮಂಗನ ಕಾಯಿಲೆಯ ಬಗ್ಗೆ ಬರೆಯುತ್ತಿದ್ದಳು. ಚಿಕ್ಕಮಗಳೂರಿನ ಮಲೆನಾಡಿನವರಿಗೆ ಈ ಕಾಯಿಲೆ ಪುಸ್ತಕದ ವಿಷಯ ಅಲ್ಲ, ಅಲ್ವಾ? ಹಿಂದೆ ಕೊಡುತ್ತಿದ್ದ ಲಸಿಕೆ ಎರಡು ಡೋಸ್ ಹಾಕಿದರೆ 93.5 ಶೇಕಡಾ ರಕ್ಷಣೆ ಎಂದು ಬರೆದಿದ್ದಳು. ಆ ಅಂಕಿ 1994ರಲ್ಲಿ ಪ್ರಕಟವಾದ ಅಧ್ಯಯನದ್ದು. ಆದರೆ 2005ರಿಂದ 2010ರವರೆಗಿನ ನಮ್ಮ ರಾಜ್ಯದ್ದೇ ಅಂಕಿಅಂಶ ಹಿಡಿದು ಮಾಡಿ, 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. ಅದರಲ್ಲಿ ಎರಡು ಡೋಸ್‌ಗೆ 62.4, ಬೂಸ್ಟರ್ ಸೇರಿದರೆ 82.9. ಅವಳು ಓದಿದ್ದ ವಿಮರ್ಶಾ ಲೇಖನದಲ್ಲಿ ಹಳೆಯದು ಮಾತ್ರ ಇತ್ತು. 93 ಎಂದರೆ ಕಾಡಿಗೆ ಹೋಗುವವನಿಗೆ ಧೈರ್ಯ ಬರುತ್ತದೆ. 62 ಎಂದರೆ ಈ ಕಾಯಿಲೆ ಹರಡುವ ಉಣುಗಿನ ಬಗ್ಗೆ ಎಚ್ಚರ ಬರುತ್ತದೆ. ಯಾವ ವರ್ಷದ ಮಾತು ಅನ್ನುವುದು ಅಷ್ಟು ಮುಖ್ಯ. ಅವಳು ಎರಡೂ ಅಂಕಿ ಕೊಟ್ಟು, ಯಾವುದು ಯಾವಾಗಿನದು ಅಂತ ವಾಕ್ಯದೊಳಗೇ ಬರೆದಳು. ವರ್ಷವನ್ನು ಪಟ್ಟಿಯಲ್ಲಿ ಬಚ್ಚಿಡಬಾರದು.

ಮೂಲ ಸಿಗುವುದೇ ಇಲ್ಲ ಅನ್ನುತ್ತಾರೆ. ಎಷ್ಟೋ ಲೇಖನಗಳು ಪಬ್‌ಮೆಡ್ ಸೆಂಟ್ರಲ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಹೆಲಿನೆಟ್ ಎಂಬ ಆನ್‌ಲೈನ್ ಗ್ರಂಥಾಲಯ ಇದೆ. ಎರಡೂ ಕಡೆ ಸಿಗದಿದ್ದರೆ ನಿಮ್ಮ ಲೈಬ್ರರಿಯವರನ್ನು ಕೇಳಿ, ನಾವು ಬೇರೆ ಊರಿನ ಗೆಳೆಯರಿಂದ ತರಿಸುತ್ತೇವೆ. ಆಗಲೂ ಸಿಗದಿದ್ದರೆ, ಇಂಥವರು ಹೀಗೆ ಹೇಳಿದ್ದಾರೆಂದು ಇಂಥ ಲೇಖನದಲ್ಲಿ ಓದಿದೆ ಎಂದು ಬರೆದು, ಓದಿದ್ದಕ್ಕೆ ನಂಬರು ಹಾಕಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ನಂಬರನ್ನು ಯಾವ ಮಾತಿಗೆ ಆಧಾರವೋ ಆ ಮಾತಿನ ಪಕ್ಕದಲ್ಲೇ ಇಡಿ. ಐದು ವಿಷಯ ಹೇಳಿ, ಪ್ಯಾರಾದ ಕೊನೆಗೆ 5ರಿಂದ 9 ಅಂತ ಒಟ್ಟಿಗೆ ಹಾಕಿದರೆ ಯಾವುದಕ್ಕೆ ಯಾವುದು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ಇನ್ನೊಂದು, ನಂಬರು ಹಾಕಿದ ಮಾತ್ರಕ್ಕೆ ಅವರ ವಾಕ್ಯವನ್ನು ಹಾಗೇ ಇಳಿಸಿಕೊಳ್ಳಲು ಅನುಮತಿ ಸಿಕ್ಕಿತು ಅಂತಲ್ಲ.

ಈಗ ಚಾಟ್‌ಬಾಟ್ ಹತ್ತಿರ ರೆಫರೆನ್ಸ್ ಕೇಳುವವರೂ ಇದ್ದಾರೆ. ಅಂಥ ಪಟ್ಟಿಯೊಂದನ್ನು ನಾನು ಒಂದಿಡೀ ಮಧ್ಯಾಹ್ನ ಹುಡುಕಿದ್ದೇನೆ. ಲೇಖಕರು ನಿಜ, ಜರ್ನಲ್ ನಿಜ, ಆದರೆ ಆ ಲೇಖನವೇ ಪ್ರಪಂಚದಲ್ಲಿ ಇರಲಿಲ್ಲ. ದಯವಿಟ್ಟು ಒಂದೊಂದನ್ನೂ ತೆರೆದು ನೋಡಿ.

ಕೊನೆಯದಾಗಿ ನಮ್ಮ ಊರಿನದೇ ಒಂದು ವಿಷಯ. 2025ರ ಮೇ, ಜೂನ್‌ನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನಾ ಬರುತ್ತಿತ್ತು. ಮನೆಮನೆಯಲ್ಲೂ ಭಯ. ಎದೆಯಲ್ಲಿ ಸ್ವಲ್ಪ ಉರಿ ಬಂದರೂ ಜನ ಇಸಿಜಿ ಮಾಡಿಸಲು ಓಡುತ್ತಿದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ನೋಡಿದ 24 ಸಾವುಗಳಲ್ಲಿ ನಾಲ್ಕಕ್ಕೆ ಕಾರಣ ಹೃದಯವೇ ಆಗಿರಲಿಲ್ಲ. ಹೃದಯದ ತೊಂದರೆಯಿಂದ ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆಯೂ ಎದ್ದು ಕಾಣುವಷ್ಟು ಹೆಚ್ಚಿರಲಿಲ್ಲ. ಆಮೇಲೆ ಒಬ್ಬ ವಿದ್ಯಾರ್ಥಿನಿ ಈ ವಿಷಯಕ್ಕೇ ಸಿನಾಪ್ಸಿಸ್, ಅಂದರೆ ಥೀಸಿಸ್‌ನ ರೂಪರೇಷೆ ತಂದರು. ಮೊದಲ ಸಾಲು, "ಹಾಸನದಲ್ಲಿ ಹೃದಯಾಘಾತ ವಿಪರೀತ ಹೆಚ್ಚಿದೆ". ಆಧಾರ, ಒಂದು ಸುದ್ದಿ ವರದಿ.

ಜನ ಹೆದರಿದ್ದರು ಅನ್ನುವುದಕ್ಕೆ ಸುದ್ದಿ ಒಳ್ಳೆಯ ಆಧಾರವೇ. ಕಾಯಿಲೆ ಹೆಚ್ಚಿದೆ ಅನ್ನುವುದಕ್ಕೆ ಅದು ಸಾಲದು. ಅರ್ಧ ಗಂಟೆ ಕೂತು ಮಾತಾಡಿದೆವು. ಆಮೇಲೆ ಅವರು ಆ ಸಾಲು ಹೊಡೆದುಹಾಕಿ ಎರಡು ಸಾಲು ಬರೆದರು. ಹೀಗೆಂದು ಸುದ್ದಿಯಾಗಿತ್ತು, ಆಧಾರ 1. ಸಮಿತಿ ಹೀಗೆ ಹೇಳಿತು, ಆಧಾರ 2. ಎರಡನ್ನೂ ಓದಿದ್ದರು.