ಹೊಳೆಯುವ ಬೋಟೋ, ಹರಿದ ಸೀಟಿನ ಬೋಟೋ?

ಪ್ರಶ್ನೆ: ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು. ರಜೆಯಲ್ಲಿ ನೀರಿಗಿಳಿಯಲು ಒಂದು ಸೆಕೆಂಡ್‌ಹ್ಯಾಂಡ್ ಬೋಟು ಕೊಳ್ಳಬೇಕೆಂದಿದ್ದೇವೆ. ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಸಿಕ್ಕಿವೆ. ಎರಡೂ ಫೈಬರ್ ಬೋಟು, 17 ಅಡಿ, ಔಟ್‌ಬೋರ್ಡ್ ಎಂಜಿನ್. ಒಂದು ಫಳಫಳ ಹೊಳೆಯುತ್ತದೆ, ಸೀಟೆಲ್ಲ ಹೊಸದು, ಎಂಜಿನ್ ಮಾತ್ರ 20 ವರ್ಷದ್ದು. ಇನ್ನೊಂದರ ಬಣ್ಣ ಮಾಸಿದೆ, ಸೀಟು ಹರಿದಿದೆ, ಆದರೆ ಎಂಜಿನ್ 7 ವರ್ಷದ್ದು. ಕೈಯಲ್ಲಿರುವ ದುಡ್ಡು ಅಷ್ಟಕ್ಕಷ್ಟೆ. ಯಾವುದು ತೆಗೆದುಕೊಳ್ಳುವುದು?

ಉತ್ತರ: ಹರಿದ ಸೀಟಿನದು. ಆದರೆ ಒಂದು ಷರತ್ತಿದೆ: ಅದರ ಟ್ರಾನ್ಸಮ್, ಅಂದರೆ ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆ, ಗಟ್ಟಿಯಾಗಿರಬೇಕು. ಅದು ಮೆತ್ತಗಾಗಿದ್ದರೆ ಎರಡನ್ನೂ ಬಿಟ್ಟು ಮೂರನೆಯದನ್ನು ಹುಡುಕಿ.

ಸಣ್ಣ ಬೋಟಿನಲ್ಲಿ ದೊಡ್ಡ ಖರ್ಚು ಬರುವುದು ಟ್ರಾನ್ಸಮ್ಮು ಮತ್ತು ನೆಲ, ಎಂಜಿನ್ನು, ಟ್ರೇಲರು ಇವುಗಳಿಂದ. ಸೀಟಿನ ಹೊದಿಕೆಯನ್ನು ಕುಶನ್ ಹೊಲಿಯುವವರು ಹೊಲಿದುಕೊಡುತ್ತಾರೆ. ಮಾಸಿದ ಜೆಲ್‌ಕೋಟನ್ನು, ಅಂದರೆ ಫೈಬರಿನ ಮೇಲಿನ ಹೊಳಪಿನ ಪದರವನ್ನು, ಪಾಲಿಷ್ ಪೇಸ್ಟ್ ಹಾಕಿ ಎರಡು ದಿನ ಉಜ್ಜಿದರೆ ಮುಕ್ಕಾಲು ಹೊಳಪು ಮರಳುತ್ತದೆ. ನೋಡಲು ಕೆಟ್ಟದಾಗಿರುವುದಕ್ಕೆ ಮಾರುವವರು ಬೆಲೆ ಇಳಿಸುತ್ತಾರೆ, ಒಳಗಿನ ಕೊಳೆತಕ್ಕೆ ಯಾರೂ ಇಳಿಸುವುದಿಲ್ಲ, ಏಕೆಂದರೆ ಅದು ಕಾಣುವುದಿಲ್ಲ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಯನ್ನು ನೆನಪಿಟ್ಟುಕೊಂಡು ಬೋಟಿನ ಸುತ್ತ ಒಂದು ಸುತ್ತು ಹಾಕಿ.

ಟ್ರಾನ್ಸಮ್ ಪರೀಕ್ಷೆ

ಹಳೆಯ ಫೈಬರ್ ಬೋಟುಗಳಲ್ಲಿ ಟ್ರಾನ್ಸಮ್ ಪೂರ್ತಿ ಫೈಬರ್ ಅಲ್ಲ. ಎರಡು ಫೈಬರ್ ಪದರಗಳ ನಡುವೆ ಸುಮಾರು ಒಂದೂವರೆಯಿಂದ ಎರಡು ಇಂಚು ದಪ್ಪದ ಪ್ಲೈವುಡ್ ಇರುತ್ತದೆ. ಮೀನು ಹುಡುಕುವ ಯಂತ್ರದ ಸೆನ್ಸರ್‌ಗೋ ಏಣಿಗೋ ಯಾರೋ ಸ್ಕ್ರೂ ಹೊಡೆದು, ತೂತಿಗೆ ಸೀಲೆಂಟ್ ತುಂಬದೆ ಬಿಟ್ಟಿರುತ್ತಾರೆ. ಅಲ್ಲಿಂದ ನೀರು ಒಳಗಿಳಿಯುತ್ತದೆ. ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ, ಪ್ಲೈವುಡ್ ವರ್ಷಗಟ್ಟಲೆ ನೆನೆದು ಕೊಳೆಯುತ್ತದೆ. ಆ ಗೋಡೆಯ ಮೇಲೆ ತೂಗುವುದೋ, 60 ಎಚ್‌ಪಿ ಫೋರ್‌ಸ್ಟ್ರೋಕ್ ಎಂಜಿನ್ನಾದರೆ 110ರಿಂದ 120 ಕಿಲೋ, 115 ಎಚ್‌ಪಿ ಆದರೆ 170 ಕಿಲೋದ ಆಸುಪಾಸು.

ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಟ್ರಾನ್ಸಮ್ಮನ್ನು ತಟ್ಟುತ್ತಾ ಬನ್ನಿ. ಮೇಲಿನ ಮೂಲೆಯಿಂದ ಶುರುಮಾಡಿ, ಪ್ರತಿ ನಾಲ್ಕು ಇಂಚಿಗೊಮ್ಮೆ, ಸಾಲುಸಾಲಾಗಿ. ಗಟ್ಟಿಯಿರುವಲ್ಲಿ 'ಟಕ್' ಎಂದು ಚುರುಕಾಗಿ ಸದ್ದು ಬರುತ್ತದೆ, ನೆನೆದಿರುವಲ್ಲಿ 'ದಬ್' ಎಂದು ಸತ್ತ ಸದ್ದು. ಸ್ಕ್ರೂಗಳ ಸುತ್ತ, ನೀರು ಬಸಿಯುವ ಬಿರಡೆಯ ಸುತ್ತ ಹೆಚ್ಚು ಹೊತ್ತು ತಟ್ಟಿ, ಕೊಳೆತ ಸಾಮಾನ್ಯವಾಗಿ ಶುರುವಾಗುವುದೇ ಅಲ್ಲಿ. ಆಮೇಲೆ ಎಂಜಿನ್ನನ್ನು ಅರ್ಧ ಮೇಲಕ್ಕೆತ್ತಿಸಿ, ಅದರ ತುದಿಯ ರೆಕ್ಕೆಯನ್ನು ಹಿಡಿದು ಬಲವಾಗಿ ಮೇಲೆ ಕೆಳಗೆ ಅದುಮಿ. ಇನ್ನೊಬ್ಬರು ಟ್ರಾನ್ಸಮ್ಮಿನ ಮೇಲಂಚನ್ನೇ ನೋಡುತ್ತಿರಲಿ. ಗೋಡೆ ಬಾಗಿದರೆ, ಮೂಲೆಯ ಬಿರುಕು ಬಾಯಿಬಿಟ್ಟು ಮುಚ್ಚಿಕೊಂಡರೆ, ಬೋಲ್ಟಿನ ಬುಡದಿಂದ ಕಂದು ನೀರು ಜಿನುಗಿದರೆ ಮಾತುಕತೆ ಅಲ್ಲಿಗೇ ಮುಗಿಸಿ. ಟ್ರಾನ್ಸಮ್ ರಿಪೇರಿಯೆಂದರೆ ಎಂಜಿನ್ ಇಳಿಸಿ, ಒಂದು ಪದರ ಕತ್ತರಿಸಿ ತೆಗೆದು, ಹೊಸ ಪ್ಲೈವುಡ್ ಕೂರಿಸಿ, ಮತ್ತೆ ಫೈಬರ್ ಹೊದಿಸಬೇಕು. ಅಗ್ಗದ ಬೋಟಿನಲ್ಲಿ ಆ ಕೂಲಿಯೇ ಬೋಟಿನ ಬೆಲೆಯನ್ನು ದಾಟುವುದುಂಟು.

ನೆಲವನ್ನೂ ಬಿಡಬೇಡಿ. ಹಿಮ್ಮಡಿಯೂರಿ ಹೆಜ್ಜೆ ಹೆಜ್ಜೆಗೆ ಭಾರ ಬಿಡುತ್ತಾ ನಡೆಯಿರಿ, ಸೀಟಿನ ಕಂಬಗಳ ಸುತ್ತ ಮುಖ್ಯವಾಗಿ. ಕಾಲಡಿ ಕುಸಿದಂತಾದರೆ ಅಡಿಯ ಉದ್ದ ತೊಲೆಗಳೂ ನೆನೆದಿರುವ ಸಂಭವ ಹೆಚ್ಚು. ಬೋಟಿನ ಅಡಿಭಾಗದಲ್ಲಿ, ನೀರಿನ ಮಟ್ಟದ ಕೆಳಗೆ, ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ದರೆ ಗಾಬರಿ ಬೇಡ, ಅದು ಬೆಲೆ ಇಳಿಸಲು ಕಾರಣವೇ ಹೊರತು ಬಿಟ್ಟುಬರಲು ಅಲ್ಲ. ಮೊಳೆ, ಹಿಡಿಕೆಗಳ ಬುಡದಿಂದ ನಕ್ಷತ್ರದಾಕಾರದಲ್ಲಿ ಹರಡಿದ ಬಿರುಕಾದರೆ ಅಲ್ಲಿ ಒತ್ತಡ ಬೀಳುತ್ತಿದೆ ಎಂದರ್ಥ, ಒಳಗಿನಿಂದಲೂ ನೋಡಿ.

ಬೋಟು ತೇಲಲೆಂದು ನೆಲದಡಿ ತುಂಬಿದ ಫೋಮ್ ನೀರು ಕುಡಿದಿದೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ, ತೂಕಕ್ಕೆ ಸಿಗುತ್ತದೆ. ಟ್ರೇಲರ್ ಸಮೇತ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಕೊಂಡಿ ಕಳಚಿ ಕಾರನ್ನು ಮುಂದಕ್ಕೆ ಒಯ್ದು ತೂಗಿಸಿ. ಕಂಪನಿ ಹೇಳಿದ ಬೋಟಿನ ತೂಕ, ಎಂಜಿನ್, ಪೆಟ್ರೋಲು, ಟ್ರೇಲರ್ ಎಲ್ಲ ಕೂಡಿಸಿದ ಲೆಕ್ಕಕ್ಕಿಂತ 150–200 ಕಿಲೋ ಹೆಚ್ಚು ಬಂದು, ಬೋಟಿನಲ್ಲಿ ಬೇರೆ ಸಾಮಾನಿಲ್ಲದಿದ್ದರೆ ಆ ಹೆಚ್ಚುವರಿ ಬಹುಪಾಲು ನೀರೇ.

ಎಂಜಿನ್

ನೀವು ಹೋಗುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬಾರದೆಂದು ಫೋನಿನಲ್ಲೇ ಹೇಳಿ. ತಲುಪಿದ ಕೂಡಲೇ ಮೇಲಿನ ಮುಚ್ಚಳ ತೆಗೆಸಿ ಸಿಲಿಂಡರ್ ಹೆಡ್ಡಿಗೆ ಕೈಯಿಡಿ. ಬೆಚ್ಚಗಿದ್ದರೆ ಯಾರೋ ಮೊದಲೇ ಓಡಿಸಿದ್ದಾರೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ತಕರಾರು ಮಾಡುವುದನ್ನು ಮುಚ್ಚಿಡುವ ಹಳೆಯ ಉಪಾಯ ಅದು. ಹೆಡ್ಡಿನ ಬಳಿ ಬಣ್ಣ ಗುಳ್ಳೆಯೆದ್ದಿದ್ದರೆ ಒಮ್ಮೆಯಾದರೂ ಮಿತಿಮೀರಿ ಕಾದಿದೆ, ಬೋಲ್ಟುಗಳ ತಲೆಯ ಬಣ್ಣ ಕಿತ್ತಿದ್ದರೆ ಎಂಜಿನ್ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪಲ್ಲ, ಏಕೆ ಬಿಚ್ಚಿದರು ಎಂಬುದಕ್ಕೆ ಬಿಲ್ ಇರಬೇಕು.

ಗೇರ್ ಆಯಿಲ್ ನೋಡಲು ಐದೇ ನಿಮಿಷ ಸಾಕು, ಆದರೂ ಕೊಳ್ಳುವವರಲ್ಲಿ ಹೆಚ್ಚಿನವರು ನೋಡುವುದಿಲ್ಲ. ಬೋಟು ಒಂದು ರಾತ್ರಿ ಅಲುಗಾಡದೆ, ಎಂಜಿನ್ ನೆಟ್ಟಗೆ ನಿಂತಿದ್ದರೆ ಒಳಗೆ ಸೇರಿದ ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ಎಂಜಿನ್ನಿನ ಕೆಳತುದಿಯ ಗೇರ್ ಘಟಕದ ತಳದ ಸ್ಕ್ರೂ ಸ್ವಲ್ಪವೇ ಸಡಿಲಿಸಿ, ಬಿಳಿ ಬಟ್ಟಲಿನಲ್ಲಿ ಒಂದೆರಡು ಚಮಚ ಹಿಡಿಯಿರಿ. ಮೊದಲು ನೀರೇ ತೊಟ್ಟಿಕ್ಕಿದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡ ಗಾಳದ ದಾರ ಸೀಲನ್ನು ಕೊಯ್ಯುವುದು ಬಲು ಸಾಮಾನ್ಯ. ಸೀಲಿನ ಬೆಲೆ ಅಲ್ಪ, ಆದರೆ ಎಣ್ಣೆಯಲ್ಲಿ ನೀರು ಬೆರೆತೇ ಬಹಳ ಕಾಲ ಓಡಿದ್ದರೆ ಬೇರಿಂಗು, ಗೇರು ತುಕ್ಕು ಹಿಡಿದಿರುತ್ತವೆ, ಆ ಖರ್ಚು ಅಲ್ಪವಲ್ಲ. ಸ್ಕ್ರೂವಿನ ಮ್ಯಾಗ್ನೆಟ್ಟಿಗೆ ಬೂದು ಪೇಸ್ಟ್ ತೆಳ್ಳಗೆ ಅಂಟಿದ್ದರೆ ಪರವಾಗಿಲ್ಲ, ಚೂರುಗಳಿದ್ದರೆ ಬೇಡ. ಸ್ಕ್ರೂ ಮರಳಿ ಹಾಕುವಾಗ ಹೊಸ ವಾಷರ್ ಹಾಕಬೇಕು, ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಹಳೆಯದನ್ನೇ ಹಾಕಿ ಹೊಸ ಸೋರಿಕೆ ಶುರುಮಾಡಿದ ಅಪವಾದ ನಿಮಗೇಕೆ?

ಕಂಪ್ರೆಷನ್ ಪರೀಕ್ಷೆಗೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದಕ್ಕೆ, ಮೆಕ್ಯಾನಿಕ್ ಇದ್ದರೆ ಚೆನ್ನ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ತುರ್ತು ನಿಲುಗಡೆಯ ದಾರ ಎಳೆದು, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಹಚ್ಚಿ ನಾಲ್ಕೈದು ಸುತ್ತು ತಿರುಗಿಸುತ್ತಾರೆ. ಅಂಕಿ ಎಷ್ಟೆಂಬುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಶೇ. 10ರೊಳಗಿದ್ದರೆ ನೆಮ್ಮದಿ. ಮೂರು ಸಿಲಿಂಡರಿನಲ್ಲಿ 120, 118, 90 ಪಿಎಸ್‌ಐ ಬಂದರೆ 90ರದ್ದು ರೋಗಿ.

ಸ್ಟಾರ್ಟ್ ಮಾಡಿದ ಮೇಲೆ ಹಿಂದಿನ ಸಣ್ಣ ತೂತಿನಿಂದ ನೀರಿನ ಎಳೆ ಕೆಲವೇ ಸೆಕೆಂಡಿನಲ್ಲಿ ಜೋರಾಗಿ ಚಿಮ್ಮಬೇಕು. ಎಂಜಿನ್ನಿಗೆ ತಂಪುನೀರು ಎಳೆಯುವುದು ಇಂಪೆಲ್ಲರ್ ಎಂಬ ರಬ್ಬರ್ ಚಕ್ರ. ನೀರಿಲ್ಲದೆ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಹಾಗಾಗಿ ದಡದಲ್ಲಿ ಸ್ಟಾರ್ಟ್ ಮಾಡುವಾಗ ನೀರಿನ ಪೈಪು ಸಿಕ್ಕಿಸಿದ್ದಾರೆಯೇ ನೋಡಿ. ಸಿಕ್ಕಿಸದೆ 'ಒಂದೇ ನಿಮಿಷ' ಎಂದು ಓಡಿಸಿ ತೋರಿಸುವವರು ಇಷ್ಟು ವರ್ಷ ಅದನ್ನು ಹೇಗೆ ನೋಡಿಕೊಂಡಿದ್ದಾರೆಂದು ಬೇರೆ ಕೇಳಬೇಕಾಗಿಲ್ಲ.

ನಿಮ್ಮ 20 ವರ್ಷದ ಎಂಜಿನ್ನಿಗೆ ಇನ್ನೊಂದು ತೊಡಕು ಬಿಡಿಭಾಗ. ಕೆಲವು ಹೆಸರಾಂತ ಎಂಜಿನ್ನುಗಳ ತಯಾರಿಕೆಯೇ ನಿಂತಿದೆ. ಇವಿನ್‌ರೂಡ್ ಔಟ್‌ಬೋರ್ಡುಗಳು ಕೊನೆಗೊಂಡದ್ದು 2020ರಲ್ಲಿ. ಹಾಗೆಂದು ಅವು ಕೆಟ್ಟವೆಂದಲ್ಲ. ಮಾಡೆಲ್ ನಂಬರ್ ಹೇಳಿ, ವಾಟರ್ ಪಂಪ್ ಕಿಟ್ ಮತ್ತು ಇಗ್ನಿಷನ್ ಭಾಗಗಳು ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ಅಂಗಡಿಗೊಂದು ಫೋನ್ ಮಾಡಿ. ಓಡಿದ ಗಂಟೆ ಕಡಿಮೆ ಎಂಬ ಮಾತಿಗೂ ಮರುಳಾಗಬೇಡಿ. 20 ವರ್ಷದಲ್ಲಿ 90 ಗಂಟೆ ಓಡಿದ್ದರೆ ಉಳಿದ ಕಾಲವೆಲ್ಲ ಸುಮ್ಮನೆ ನಿಂತಿದೆ. ನಿಂತ ಎಂಜಿನ್ನಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ರಬ್ಬರ್ ಸೆಟೆಯುತ್ತದೆ. ಎಥನಾಲ್ ಬೆರೆತ ಪೆಟ್ರೋಲಾದರೆ ತೇವ ಹೀರಿ, ಕೊನೆಗೆ ನೀರಿನಂಶ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ.

ಇನ್ನುಳಿದದ್ದು

ಟ್ರೇಲರನ್ನು ಜನ ಕೊನೆಗೆ ನೋಡುತ್ತಾರೆ, ರಸ್ತೆಯಲ್ಲಿ ಮೊದಲು ಕೈಕೊಡುವುದು ಅದೇ. ಟೈರಿನ ಪಕ್ಕದಲ್ಲಿರುವ ತಯಾರಿಕೆಯ ಸಂಕೇತದ ಕೊನೆಯ ನಾಲ್ಕಂಕಿ ಓದಿ: 3418 ಎಂದರೆ 2018ರ 34ನೇ ವಾರ. ಆರು ವರ್ಷ ದಾಟಿದ್ದರೆ ಮೇಲ್ಮೈ ಹೊಸದರಂತೆ ಕಂಡರೂ ಬದಲಾಯಿಸುವ ಲೆಕ್ಕ ಹಾಕಿಕೊಳ್ಳಿ. ಚಕ್ರವನ್ನು ಜಾಕಿನಿಂದ ಎತ್ತಿ ತಿರುಗಿಸಿ, ಗೊರಗೊರ ಸದ್ದು ಬಂದರೆ ಬೇರಿಂಗ್ ಹೋಗಿದೆ. ದಾರಿಯುದ್ದಕ್ಕೂ ಕಾದ ಹಬ್, ಅಂದರೆ ಬೇರಿಂಗ್ ಇರುವ ಚಕ್ರದ ನಡುಭಾಗವನ್ನು, ತಣ್ಣೀರಿಗಿಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ, ಬೇರಿಂಗ್ ಕೆಡುವುದು ಹಾಗೆ.

ನಿಮ್ಮ ಕಾರು ಇದನ್ನು ಎಳೆಯಬಲ್ಲದೇ ಎಂಬ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಕೈಪಿಡಿಯಲ್ಲಿ ಬೋಟಿನ ತೂಕ 700 ಕಿಲೋ ಎಂದಿದ್ದರೆ ಅದು ಬಹುತೇಕ ಬರೀ ಬೋಟಿನದು. ಎಂಜಿನ್ 165, 80 ಲೀಟರ್ ಪೆಟ್ರೋಲು 60, ಬ್ಯಾಟರಿ 20, ಲಂಗರು ಹಗ್ಗ ಲೈಫ್ ಜಾಕೆಟ್ ಎಲ್ಲ ಸೇರಿ 55, ಟ್ರೇಲರ್ 270. ಒಟ್ಟು 1,270 ಕಿಲೋ. ಕಾರಿನ ಎಳೆಯುವ ಮಿತಿ ಇದಕ್ಕಿಂತ ಸಾಕಷ್ಟು ಮೇಲಿರಬೇಕು.

ಬೋಟಿನ ಒಳಗೆ ಜನ, ತೂಕ ಮತ್ತು ಎಚ್‌ಪಿ ಮಿತಿಯ ಫಲಕ ಹುಡುಕಿ. ಅದರಲ್ಲಿ ಆರು ಜನ ಎಂದಿದ್ದರೆ ಬುತ್ತಿ ಚೀಲಗಳೊಂದಿಗೆ ನಾಲ್ವರು ಆರಾಮ. ಎಂಜಿನ್ ಗರಿಷ್ಠ ಎಚ್‌ಪಿಯ ಮುಕ್ಕಾಲು ಪಾಲಿಗಿಂತ ಕಡಿಮೆಯಿದ್ದರೆ ಮನೆಮಂದಿಯೆಲ್ಲ ಹತ್ತಿದಾಗ ಬೋಟು ಮೂತಿಯೆತ್ತಿಕೊಂಡು ತೆವಳುತ್ತದೆ.

ನೀರಿನಲ್ಲಿ ಓಡಿಸಿ ನೋಡದೆ ಪೂರ್ತಿ ಹಣ ಕೊಡಬೇಡಿ. ಓಡಿಸಿ ನೋಡಿ ತೃಪ್ತಿಯಾಗದಿದ್ದರೆ ಮುಂಗಡ ವಾಪಸ್ ಎಂದು ಬರೆಸಿಕೊಂಡು, ಅರ್ಧ ಗಂಟೆಯಾದರೂ ಓಡಿಸಿ. ಸಾಧ್ಯವಾದರೆ ನಾಲ್ವರೂ ಹತ್ತಿ. ಪೂರ್ತಿ ಥ್ರಾಟಲ್ ಕೊಟ್ಟಾಗ ಆರ್‌ಪಿಎಂ ಎಂಜಿನ್ ಕೈಪಿಡಿ ಹೇಳಿದ ವ್ಯಾಪ್ತಿ ಮುಟ್ಟುತ್ತದೆಯೇ ಗಮನಿಸಿ. ಮುಟ್ಟದಿದ್ದರೆ ಪ್ರೊಪೆಲ್ಲರ್ ತಪ್ಪು, ಬೋಟು ನೀರು ಕುಡಿದಿದೆ, ಅಥವಾ ಎಂಜಿನ್ ಸೋತಿದೆ. ಆರ್‌ಪಿಎಂ ಏರುತ್ತಿದ್ದರೂ ವೇಗ ಏರದಿದ್ದರೆ ಪ್ರೊಪೆಲ್ಲರಿನ ಒಳಗಿನ ರಬ್ಬರ್ ಜಾರುತ್ತಿರಬಹುದು. ಎರಡೂ ಕಡೆಗೆ ಪೂರ್ತಿ ತಿರುಗಿಸಿ ಸ್ಟಿಯರಿಂಗ್ ಎಲ್ಲಾದರೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆಯೇ ನೋಡಿ. ದಡಕ್ಕೆ ಬಂದ ಮೇಲೆ ತಳದಲ್ಲಿ ನೀರು ನಿಂತಿದೆಯೇ ಬಗ್ಗಿ ನೋಡಿ, ನೀರೆತ್ತುವ ಪಂಪಿನ ತೇಲುವ ಸ್ವಿಚ್ಚನ್ನು ಬೆರಳಿನಿಂದ ಎತ್ತಿ, ಪಂಪು ತಾನಾಗಿ ಓಡಬೇಕು. ಮನೆಯ ವೈರು ಹಾಕಿ ಟೇಪ್ ಸುತ್ತಿದ ಜೋಡಣೆ ಕಂಡರೆ ವೈರಿಂಗ್ ಪೂರ್ತಿ ಬದಲಾಯಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ದುಡ್ಡಿನ ಮಾತು ಚಿಕ್ಕದು. ಕೈಯಲ್ಲಿರುವುದರ ಮುಕ್ಕಾಲು ಭಾಗದಲ್ಲಿ ಬೋಟು, ಎಂಜಿನ್, ಟ್ರೇಲರ್ ಮೂರೂ ಬರಬೇಕು. ಉಳಿದ ಕಾಲು ಭಾಗ ಮೊದಲ ವರ್ಷಕ್ಕೆ: ಲೈಫ್ ಜಾಕೆಟ್ ಪ್ರತಿಯೊಬ್ಬರ ಅಳತೆಯದು (ಮಕ್ಕಳಿಗೆ ದೊಡ್ಡವರದು ನಡೆಯುವುದಿಲ್ಲ), ಬ್ಯಾಟರಿ, ಟೈರು, ವಿಮೆ. ಮಾರುವವರು ಈಗಷ್ಟೇ ಹಾಕಿಸಿದ್ದೇವೆ ಎಂದರೂ ಬಿಲ್ ಇಲ್ಲದಿದ್ದರೆ ಇಂಪೆಲ್ಲರ್, ಗೇರ್ ಆಯಿಲ್, ಪೆಟ್ರೋಲ್ ಫಿಲ್ಟರ್ ಮೂರನ್ನೂ ಬದಲಾಯಿಸಿಯೇ ನೀರಿಗಿಳಿಸಿ. ಹಣ ಎಣಿಸುವ ಮುನ್ನ ಬೋಟಿನ ಹಿಂಬದಿಯ ಬಲಮೂಲೆಯಲ್ಲಿ ಕೆತ್ತಿರುವ ಗುರುತಿನ ಸಂಖ್ಯೆ, ಎಂಜಿನ್ ನಂಬರ್, ಟ್ರೇಲರ್ ನಂಬರ್ ಮೂರೂ ಕಾಗದಪತ್ರಕ್ಕೆ ತಾಳೆಯಾಗುತ್ತವೆಯೇ, ಸಾಲ ಬಾಕಿಯಿಲ್ಲವೇ ಎಂದು ನೋಡಿಕೊಳ್ಳಿ. ಕೆತ್ತಿದ ಅಂಕಿಯ ಮೇಲೆ ಉಜ್ಜಿದ ಗುರುತಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಆ ಬೋಟು ಬೇಡ.